ನೀರಾಟದ ಹಿಂದಿನ ನೀರಿನ ಲೆಕ್ಕ

ಪರೀಕ್ಷೆ ಮುಗಿದು ಏಪ್ರಿಲ್ ಬಿಸಿಲು ನೆತ್ತಿಗೇರಿತು ಅಂದ್ರೆ ಹಾಸ್ಟೆಲಿನಲ್ಲಿ ಮೊದಲು ಏಳುವ ಮಾತು ವಾಟರ್ ಪಾರ್ಕಿನದು. ಯಾರ ಕಡೆ ಎಷ್ಟು ದುಡ್ಡೈತಿ, ಬಸ್ಸೋ ಟಿಟಿಯೋ, ಬಿಡದಿಯ ತನಕ ಹೋಗೋದೋ ಅಥವಾ ಹತ್ತಿರದಲ್ಲೇ ಎಲ್ಲಾದರೂ ಮುಗಿಸೋದೋ ಎಂಬ ಚರ್ಚೆ ರಾತ್ರಿ ಹನ್ನೊಂದರವರೆಗೂ ನಡೆಯುತ್ತದೆ. ಅದೇ ಹೊತ್ತಿಗೆ ಊರಿಂದ ಫೋನ್ ಬರುತ್ತದೆ: ನಳಕ್ಕೆ ನೀರು ಬಂದು ವಾರ ಆಯ್ತು, ಬೋರ್ ಬತ್ತಿದೆ, ಟ್ಯಾಂಕರ್ ಹೇಳೀವಿ. ಈ ಎರಡು ಮಾತನ್ನೂ ಒಟ್ಟಿಗೆ ಕೇಳಿಸಿಕೊಂಡ ಮೇಲೆ ನಮಗೆ ಒಂದು ಪ್ರಶ್ನೆ ಬಂತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಂಥ ಬಯಲುಸೀಮೆಯಲ್ಲಿ ಒಂದು ವಾಟರ್ ಪಾರ್ಕ್ ದಿನಕ್ಕೆ ನಿಜವಾಗಿ ಎಷ್ಟು ನೀರು ಕುಡಿಯುತ್ತದೆ? ಜಾರುಬಂಡೆಯ ಮೇಲೆ ಧೋ ಎಂದು ಸುರಿಯುವ ನೀರು ನೋಡಿದರೆ "ಅಬ್ಬಾ" ಅನ್ನಿಸುತ್ತದೆ ನಿಜ. ಆದರೆ ಅಷ್ಟೂ ನೀರು ಖರ್ಚಾಗುತ್ತದೆಯೇ? ನಾವು ಕಾಗದದ ಮೇಲೆ ಒಂದು ಪಾರ್ಕ್ ಕಟ್ಟಿ ಲೆಕ್ಕ ಹಾಕಿದೆವು. ಅದಕ್ಕೂ ಮೊದಲು ಸ್ವಲ್ಪ ಇತಿಹಾಸ.

ಯಂತ್ರದಿಂದ ಅಲೆ ಎಬ್ಬಿಸುವ ಹುಚ್ಚು ಹಳೆಯದು. ಹಂಗೇರಿಯ ಬುಡಾಪೆಸ್ಟ್‌ನ ಗೆಲ್ಲರ್ಟ್ ಸ್ನಾನಗೃಹಕ್ಕೆ 1927ರಲ್ಲೇ ಅಲೆಯ ಕೊಳ ಬಂದಿತ್ತು. ಅಮೆರಿಕದಲ್ಲಿ ಅಲಬಾಮಾ ರಾಜ್ಯದ ಡಿಕೇಟರ್ ಊರಿನ ಪಾಯಿಂಟ್ ಮಲ್ಲಾರ್ಡ್ ಉದ್ಯಾನದಲ್ಲಿ 1970ರಲ್ಲಿ ಸಾರ್ವಜನಿಕರಿಗಾಗಿ ವೇವ್ ಪೂಲ್ ತೆರೆಯಿತು. ಸ್ಲೈಡು, ಅಲೆ, ಮಕ್ಕಳ ಕೊಳ ಎಲ್ಲವನ್ನೂ ಒಂದೇ ಕಾಂಪೌಂಡಿನಲ್ಲಿ ಇಟ್ಟು ಟಿಕೆಟ್ ಮಾರುವ ಈಗಿನ ಮಾದರಿಗೆ ಜಾರ್ಜ್ ಮಿಲ್ಲೇ 1977ರಲ್ಲಿ ಒರ್ಲಾಂಡೋದಲ್ಲಿ ಆರಂಭಿಸಿದ ವೆಟ್ ಅಂಡ್ ವೈಲ್ಡ್ ದಾರಿ ಹಾಕಿತು. ನಮ್ಮ ದೇಶದಲ್ಲಿ ಮುಂಬೈ ಗೊರಾಯಿಯ ವಾಟರ್ ಕಿಂಗ್‌ಡಮ್ 1998ರದು. ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿಯ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು. ಅದೇ ಗುಂಪಿನ ವಂಡರ್‌ಲಾ 2005ರಲ್ಲಿ ಬಿಡದಿಯ ಹತ್ತಿರ ಬಂತು. ಸ್ಟೆಬಿಲೈಸರ್ ಮಾರಿದ ದುಡ್ಡಿನಲ್ಲಿ ಜಾರುಬಂಡೆ! ಎಲೆಕ್ಟ್ರಿಕಲ್ ಬ್ರಾಂಚಿನವರು ಬೇಕಾದರೆ ಹೆಮ್ಮೆ ಪಡಬಹುದು.

ನಮ್ಮ ಜಿಲ್ಲೆಗೆ ಬಂದರೆ ನೀರಾಟದ ಜಾಗಗಳೇ ಬೇರೆ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹುಟ್ಟಿದ ಹಾವೇರಿ ಜಿಲ್ಲೆಯಲ್ಲಿ ನೋಡಲು ಕೃಷ್ಣಮೃಗವಿದೆ, ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸಿನ ಉತ್ಸವ ರಾಕ್ ಗಾರ್ಡನ್ ಇದೆ. ನೀರು ಅಂದ್ರೆ ಹೆಗ್ಗೇರಿ ಕೆರೆ, ವರದಾ ಬಂದು ತುಂಗಭದ್ರೆಗೆ ಸೇರುವ ಗಳಗನಾಥ, ಕುಮದ್ವತಿಗೆ ಅಡ್ಡ ಕಟ್ಟಿದ ಮದಗ ಮಾಸೂರು ಕೆರೆ, ಗಾಜನೂರಿನಿಂದ ಬರುವ ತುಂಗಾ ಮೇಲ್ದಂಡೆ ಕಾಲುವೆ. ನಮ್ಮಲ್ಲಿ ಅರ್ಧ ಜನ ಈಜು ಕಲಿತದ್ದು ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆಯೋ ಖಾಲಿ ಕ್ಯಾನೋ ಕಟ್ಟಿಕೊಂಡು. ಉಳಿದರ್ಧ ಜನ ಕಲಿಯಲೇ ಇಲ್ಲ. ಕಾಲುವೆಯ ಸೆಳೆತಕ್ಕೆ ಸಿಕ್ಕವರ, ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ಜಾರಿ ಮೇಲೆ ಹತ್ತಲಾಗದೆ ಹೋದ ಮಕ್ಕಳ ಸುದ್ದಿಯನ್ನು ಪ್ರತಿ ಬೇಸಿಗೆಯೂ ಓದುತ್ತೇವೆ. ಆದ್ದರಿಂದ ಆಳ ಗೊತ್ತಿರುವ, ಕಾವಲಿಗೆ ಜನರಿರುವ ಕೊಳವನ್ನು "ಶ್ರೀಮಂತರ ಶೋಕಿ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನಾವು ತಯಾರಿಲ್ಲ. ಲೆಕ್ಕ ನೋಡಿ ಮಾತಾಡೋಣ.

ಮೊದಲು ಆಟದ ಭಾಗ. ಸ್ಲೈಡ್ ಅಂದ್ರೆ ಎತ್ತರವನ್ನು ವೇಗಕ್ಕೆ ಬದಲಿಸುವ ಸಾಧನ, ಅಷ್ಟೆ. 12 ಮೀಟರ್ ಎತ್ತರದಿಂದ ಘರ್ಷಣೆಯೇ ಇಲ್ಲದೆ ಜಾರಿದರೆ ಕೆಳಗೆ ಬರುವಾಗ ವೇಗ ಸೆಕೆಂಡಿಗೆ ಸುಮಾರು 15 ಮೀಟರ್, ಅಂದ್ರೆ ಗಂಟೆಗೆ 55 ಕಿಲೋಮೀಟರ್. ನಿಜದಲ್ಲಿ ಘರ್ಷಣೆ ಒಂದಷ್ಟನ್ನು ತಿನ್ನುತ್ತದೆ. ಮೈಗೂ ಫೈಬರಿಗೂ ನಡುವೆ ತೆಳುವಾದ ನೀರಿನ ಪದರ ಇರದಿದ್ದರೆ ಅರ್ಧ ದಾರಿಯಲ್ಲೇ ಕೂತುಬಿಡುತ್ತೇವೆ, ಚರ್ಮ ಬೇರೆ ಕಿತ್ತು ಬರುತ್ತದೆ. ತಿರುವಿನಲ್ಲಿ ನಾವು ಗೋಡೆ ಹತ್ತುವುದು ಏಕೆಂದು ನೋಡಿ: ತಿರುವಿನ ತ್ರಿಜ್ಯ 4 ಮೀಟರ್, ವೇಗ ಸೆಕೆಂಡಿಗೆ 8 ಮೀಟರ್ ಇದ್ದರೆ ಕೇಂದ್ರದ ಕಡೆಗಿನ ವೇಗೋತ್ಕರ್ಷ 16. ಗುರುತ್ವಕ್ಕೆ ಹೋಲಿಸಿದರೆ 1.6 ಪಟ್ಟು. ಆಗ ಮೈ ಸುಮಾರು 58 ಡಿಗ್ರಿಯಷ್ಟು ಓರೆಯಾಗಿ ಗೋಡೆ ಏರುತ್ತದೆ. ಈ ಕೋನದ ಸೂತ್ರದಲ್ಲಿ ತೂಕ ಬರುವುದೇ ಇಲ್ಲ, ವೇಗ ಮಾತ್ರ ಬರುತ್ತದೆ.

ತೂಕ ಬರುವುದು ಬೇರೆ ಕಡೆ. ಘರ್ಷಣೆ, ಗಾಳಿ, ನೀರಿನ ಎಳೆತ ಇವು ಹಗುರ ಜನರಿಗೂ ಭಾರದ ಜನರಿಗೂ ಒಂದೇ ಪ್ರಮಾಣದಲ್ಲಿ ತಾಗುವುದಿಲ್ಲ. ಹೀಗಾಗಿ ರಾಫ್ಟಿನಲ್ಲಿ ಎಷ್ಟು ಕೆಜಿ ಕೂತಿದೆ, ಎಲ್ಲಿ ಕೂತಿದೆ ಎಂಬುದರ ಮೇಲೆ ವೇಗ ಬದಲಾಗುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 2014ರ ಜುಲೈನಲ್ಲಿ "ಫೆರುಕ್ಟ್" ಎಂಬ ಸ್ಲೈಡ್ ತೆರೆಯಿತು. ಎತ್ತರ ಸುಮಾರು 51 ಮೀಟರ್, ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಎತ್ತರದ್ದು. ಮೂವರು ಕೂರುವ ರಾಫ್ಟು ಕೆಳಗಿಳಿದು ಎದುರಿನ ಇನ್ನೊಂದು ದಿಬ್ಬ ಹತ್ತಬೇಕಿತ್ತು. ಪ್ರಯೋಗದ ಹಂತದಲ್ಲಿ ಮರಳುಚೀಲ ಹೊತ್ತ ರಾಫ್ಟುಗಳು ಆ ದಿಬ್ಬದಿಂದ ಹಾರಿ ಬಿದ್ದಿದ್ದವು. ಆಮೇಲೆ ಆಕಾರ ಬದಲಿಸಿ, ಮೇಲೆ ಬಲೆ ಮತ್ತು ಲೋಹದ ಕಮಾನು ಹಾಕಿ ತೆರೆದರು. 2016ರ ಆಗಸ್ಟ್‌ನಲ್ಲಿ ರಾಫ್ಟು ಮತ್ತೆ ಗಾಳಿಗೆ ಎದ್ದಿತು, ಹತ್ತು ವರ್ಷದ ಹುಡುಗ ಆ ಕಮಾನಿಗೆ ಬಡಿದು ಸತ್ತ. ಸರಿಯಾದ ಎಂಜಿನಿಯರಿಂಗ್ ಲೆಕ್ಕವೇ ಇಲ್ಲದೆ, ಮಾಡಿ ನೋಡಿ ತಿದ್ದುವ ವಿಧಾನದಲ್ಲಿ ಕಟ್ಟಿದ್ದಾರೆ ಎಂಬುದು ಸರ್ಕಾರಿ ವಕೀಲರ ಆರೋಪವಾಗಿತ್ತು. ಸಾಕ್ಷ್ಯ ಮಂಡನೆಯ ತಕರಾರಿನಿಂದ ಮೊಕದ್ದಮೆ 2019ರಲ್ಲಿ ವಜಾ ಆಯಿತು. ಸ್ಲೈಡನ್ನು ಅದಕ್ಕೂ ಮೊದಲೇ ಕೆಡವಿದ್ದರು. ಸ್ಲೈಡಿನ ಮೆಟ್ಟಿಲ ಬಳಿ ತೂಕದ ಯಂತ್ರ ಇಟ್ಟಿದ್ದರೆ ನಗಬೇಡಿ, ಅದು ಅಲ್ಲಿನ ಬಹುಮುಖ್ಯ ಉಪಕರಣ.

ವೇವ್ ಪೂಲಿನ ಗುಟ್ಟು ಇನ್ನೂ ಸರಳ. ಆಳದ ತುದಿಯಲ್ಲಿ, ಗೋಡೆಯ ಹಿಂದೆ ಕೋಣೆಗಳಿರುತ್ತವೆ. ದೊಡ್ಡ ಬ್ಲೋವರ್ ಆ ಕೋಣೆಗೆ ಗಾಳಿ ತುಂಬಿ ನೀರನ್ನು ಕೆಳಗೆ ಒತ್ತುತ್ತದೆ, ವಾಲ್ವ್ ತೆರೆದಾಗ ನೀರು ಮೇಲೇಳುತ್ತದೆ. ಈ ಏರಿಳಿತವೇ ಅಲೆ. ತಳ ದಂಡೆಯಂತೆ ಇಳಿಜಾರು. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗ ಆಳದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ: 1 ಮೀಟರ್ ಆಳದಲ್ಲಿ ಸೆಕೆಂಡಿಗೆ 3.1 ಮೀಟರ್, ಕಾಲು ಮೀಟರ್ ಆಳಕ್ಕೆ ಬಂದಾಗ ಅದರ ಅರ್ಧ. ಮುಂದಿನದು ನಿಧಾನವಾಗಿ ಹಿಂದಿನದು ಮೇಲೆ ಹತ್ತಿ ಅಲೆ ಮುರಿಯುತ್ತದೆ. ಗೋವಾ ಕಡಲು ಮಾಡುವುದೂ ಇದನ್ನೇ. ಲೇಜಿ ರಿವರ್ ಬಗ್ಗೆ ಹೇಳಲು ಹೆಚ್ಚಿಲ್ಲ. ಅದು ವರ್ತುಲಾಕಾರದ ಕಾಲುವೆ, ಅಲ್ಲಲ್ಲಿ ಪಂಪು ನೀರನ್ನು ಮುಂದಕ್ಕೆ ತಳ್ಳುತ್ತದೆ. ರೇನ್ ಡಾನ್ಸ್ ಅಂತೂ ನಮ್ಮ ಹೊಲದ ಸ್ಪ್ರಿಂಕ್ಲರಿಗೆ ಡಿಜೆ ಕೂಡಿಸಿದ್ದು.

ಇನ್ನು ನೀರಿನ ಲೆಕ್ಕ. ಹಾವೇರಿಯಿಂದ ಮೋಟೆಬೆನ್ನೂರು ದಾಟಿ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯ ಪಕ್ಕ 5 ಎಕರೆ ಜಾಗ ಇದೆ ಅಂದುಕೊಳ್ಳಿ. ನಮ್ಮ ಕಾಗದದ ಪಾರ್ಕಿನಲ್ಲಿ ಎಲ್ಲ ಕೊಳಗಳೂ ಸೇರಿ 1,000 ಚದರ ಮೀಟರ್, ಸರಾಸರಿ ಆಳ 1 ಮೀಟರ್. ತುಂಬಲು ಬೇಕಾದ್ದು 10 ಲಕ್ಷ ಲೀಟರ್, 5,000 ಲೀಟರಿನ ಟ್ಯಾಂಕರ್ ಆದರೆ 200. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇದು ಸೀಸನ್ನಿಗೆ ಒಂದು ಸಲ. ಸ್ಲೈಡಿನ ಮೇಲೆ ನಿಮಿಷಕ್ಕೆ 3,000 ಲೀಟರ್ ಸುರಿದರೂ ಅದು ಇದೇ ಕೊಳದ ನೀರು, ಮೇಲೆ ಹೋಗಿ ಕೆಳಗೆ ಬರುತ್ತದೆ. ಅಲ್ಲಿ ಖರ್ಚಾಗುವುದು ಹೆಚ್ಚಾಗಿ ಕರೆಂಟು: 14 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ. 65 ಎಂದರೆ, ಸುಮಾರು 10.6 ಕಿಲೋವ್ಯಾಟ್. ಒಂದು ಸ್ಲೈಡಿಗೆ ಒಂದು 15 ಎಚ್‌ಪಿ ಮೋಟರ್.

ಹಾಗಾದರೆ ನೀರು ಎಲ್ಲಿ ಹೋಗುತ್ತದೆ? ಮೂರು ಕಡೆ.

ಮೊದಲನೆಯದು ಬಿಸಿಲು. ಬ್ಯಾಡಗಿಯ ಮೆಣಸಿನಕಾಯಿಯನ್ನು ಗಲಗಲ ಒಣಗಿಸುವ ಬಿಸಿಲು ಕೊಳವನ್ನೂ ಬಿಡುವುದಿಲ್ಲ. ಒಂದು ಚದರ ಮೀಟರಿನಲ್ಲಿ 1 ಮಿಲಿಮೀಟರ್ ಇಳಿದರೆ ಸರಿಯಾಗಿ 1 ಲೀಟರ್, ಇದನ್ನು ನೆನಪಿಟ್ಟುಕೊಂಡರೆ ಮಳೆ, ಕೆರೆ, ಹೊಲ ಎಲ್ಲದರ ಲೆಕ್ಕವೂ ಬಾಯಲ್ಲೇ ಆಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೆ 7,000 ಲೀಟರ್.

ಎರಡನೆಯದು ಯಾರ ಕಣ್ಣಿಗೂ ಬೀಳದ್ದು: ಫಿಲ್ಟರ್ ತೊಳೆಯುವ ನೀರು. ಕೊಳದ ಅಷ್ಟೂ ನೀರು 4 ಗಂಟೆಗೊಮ್ಮೆ ಮರಳಿನ ಫಿಲ್ಟರ್ ಮೂಲಕ ಹಾದುಬರಬೇಕು ಎಂದಿಟ್ಟುಕೊಂಡರೆ ಗಂಟೆಗೆ 2.5 ಲಕ್ಷ ಲೀಟರ್ ಹರಿಯಬೇಕು. ಅದಕ್ಕೆ 10 ಚದರ ಮೀಟರಿನಷ್ಟು ಮರಳಿನ ಹಾಸು ಸಾಕು. ಮರಳಿನಲ್ಲಿ ಕೊಳೆ ಕೂತಾಗ ನೀರನ್ನು ಕೆಳಗಿನಿಂದ ಮೇಲಕ್ಕೆ ಜೋರಾಗಿ ಬಿಟ್ಟು ತೊಳೆಯುತ್ತಾರೆ. ಇದೇ ಬ್ಯಾಕ್‌ವಾಶ್. ಗಂಟೆಗೆ 40 ಮೀಟರ್ ವೇಗದಲ್ಲಿ 5 ನಿಮಿಷ ತೊಳೆದರೆ 33,000 ಲೀಟರ್ ಚರಂಡಿಗೆ! ಎರಡು ದಿನಕ್ಕೊಮ್ಮೆ ಎಂದರೂ ದಿನದ ಸರಾಸರಿ 16,500. ನಮ್ಮ ಬಿಸಿಲು ತಿನ್ನುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇದನ್ನು ಸುಮ್ಮನೆ ನಿಲ್ಲಿಸುವ ಹಾಗೂ ಇಲ್ಲ. ಬೆವರು, ಎಣ್ಣೆ, ಮೂತ್ರದ ಯೂರಿಯಾ ಕರಗಿ ಕೂರುವ ನೀರಿಗೆ ಹೊಸ ನೀರು ಬೆರೆಯುತ್ತಲೇ ಇರಬೇಕು. ಈಜುಕೊಳಗಳಿಗೆ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ರೂಢಿ ಒಬ್ಬ ಸ್ನಾನಿಗನಿಗೆ 30 ಲೀಟರ್ ಹೊಸ ನೀರು. ದಿನಕ್ಕೆ 500 ಜನ ಬಂದರೆ 15,000 ಲೀಟರ್. ಬ್ಯಾಕ್‌ವಾಶ್ ಜಾಗಕ್ಕೆ ತುಂಬುವ ನೀರೇ ಈ ಬಾಬ್ತನ್ನೂ ತೀರಿಸುತ್ತದೆ.

ಮೂರನೆಯದು ಶವರ್ ಮತ್ತು ಶೌಚಾಲಯ. ತಲೆಗೆ 40 ಲೀಟರ್ ಎಂದರೂ 20,000.

ಒಟ್ಟು ದಿನಕ್ಕೆ 43,500 ಲೀಟರ್. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಅಳತೆ ಇದೆ. ಆ ಪ್ರಕಾರ ಇದು ಸುಮಾರು 800 ಜನರ ನೀರು, ಒಂದು ಸಣ್ಣ ಊರು. ಇನ್ನೊಂದು ಕಡೆಯಿಂದ ನೋಡಿ: ಬೇಸಿಗೆಯಲ್ಲಿ ನಿಂತ ಕಬ್ಬಿಗೆ ದಿನಕ್ಕೆ 5 ಮಿಲಿಮೀಟರ್ ಬೇಕೆಂದರೆ ಎಕರೆಗೆ 20,000 ಲೀಟರ್. ಅಂದ್ರೆ ಇಡೀ ವಾಟರ್ ಪಾರ್ಕ್ ಎರಡು ಎಕರೆ ಕಬ್ಬಿಗಿಂತ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಮೊದಲ ಹೋಲಿಕೆ ಹೇಳಿದರೆ ಪಾರ್ಕ್ ರಾಕ್ಷಸ, ಎರಡನೆಯದು ಹೇಳಿದರೆ ಪಾಪದ್ದು. ಎರಡೂ ಸರಿಯೇ. ಯಾರು ಯಾವ ಹೋಲಿಕೆ ಆರಿಸಿಕೊಳ್ಳುತ್ತಾರೆ ಎನ್ನುವುದರಲ್ಲೇ ವಾದ ಅಡಗಿರುತ್ತದೆ. ನಮಗೆ ಮುಖ್ಯ ಅನ್ನಿಸಿದ್ದು ಬೇರೆ. ಪಾರ್ಕ್ ತುಂಬುವುದೂ ಊರಿನ ಬೋರ್ ಬತ್ತುವುದೂ ಒಂದೇ ತಿಂಗಳಲ್ಲಿ. ಪಕ್ಕದ ಹೊಲದ ಬೋರಿನ ಕೆಳಗಿನ ನೀರನ್ನೇ ಪಾರ್ಕಿನ ಬೋರೂ ಎಳೆದರೆ ಜಗಳ ಖಂಡಿತ. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಮಾಡಿತು. ರಾಜಧಾನಿಗೇ ಆ ಗತಿ ಆದರೆ ನಾವು ಯಾವ ಲೆಕ್ಕ.

ಬೋರ್ ಬಿಟ್ಟು, ಬಿದ್ದ ಮಳೆಯಲ್ಲೇ ಬದುಕಬಹುದೇ? ಜಿಲ್ಲೆಯ ವಾರ್ಷಿಕ ಮಳೆ ಸುಮಾರು 750 ಮಿಲಿಮೀಟರ್. 5 ಎಕರೆ ಅಂದ್ರೆ 20,000 ಚದರ ಮೀಟರ್. ಛಾವಣಿ, ಕಾಂಕ್ರೀಟು, ಹುಲ್ಲು ಎಲ್ಲ ಸೇರಿ ಬಿದ್ದದ್ದರಲ್ಲಿ ಶೇ. 60 ಹರಿದು ಹೊಂಡಕ್ಕೆ ಬಂದರೆ 90 ಲಕ್ಷ ಲೀಟರ್. ಬೇಕಾದ್ದೆಷ್ಟು? ವರ್ಷದಲ್ಲಿ 120 ದಿನ ಪೂರ್ತಿ ಜನ ಎಂದರೆ 52 ಲಕ್ಷ ಚಿಲ್ಲರೆ, ಮೊದಲು ತುಂಬಲು 10 ಲಕ್ಷ, ಒಟ್ಟು 62 ಲಕ್ಷ ಚಿಲ್ಲರೆ. ಆರಾಮಾಗಿ ಮುಗಿಯಿತು ಅಂದುಕೊಂಡಿರಾ? ತಡೀರಿ. ಅಕ್ಟೋಬರಿನಲ್ಲಿ ನಿಂತ ಮಳೆಯ ನೀರು ಮೇ ತನಕ ಹೊಂಡದಲ್ಲೇ ಬಿಸಿಲು ಕಾಯಬೇಕು. 180 ದಿನ, ದಿನಕ್ಕೆ 5 ಮಿಲಿಮೀಟರ್, ಒಟ್ಟು 90 ಸೆಂಟಿಮೀಟರ್. 3 ಮೀಟರ್ ಆಳದ ಹೊಂಡದಲ್ಲಿ ಶೇ. 30 ಹಾಗೇ ಆವಿ. ಕೊನೆಗೆ 62 ಲಕ್ಷ ಚಿಲ್ಲರೆ ಸಿಗಬೇಕಾದರೆ ಮೊದಲು ಸುಮಾರು 89 ಲಕ್ಷ ತುಂಬಿರಬೇಕು. ಅಂದ್ರೆ ಬಿದ್ದ ಮಳೆಗೂ ಬೇಕಾದ ನೀರಿಗೂ ಹೆಚ್ಚುಕಡಿಮೆ ಸರಿ, ಮಿಗುವುದು ತೀರಾ ಕಡಿಮೆ. ಮಳೆ ಸ್ವಲ್ಪ ಕೈಕೊಟ್ಟರೂ ಏಪ್ರಿಲಿನಲ್ಲಿ ಟ್ಯಾಂಕರ್ ಕರೆಯಬೇಕು. ಹೊಂಡ ಆಳವಾಗಿ, ಮೇಲ್ಮೈ ಕಿರಿದಾಗಿ ಇರಬೇಕೆನ್ನುವುದೂ ಇದಕ್ಕೇ. ಎರಡು ಗುಡ್ಡದ ನಡುವಿನ ಕಿರಿದಾದ ಸಂದಿಗೆ ಮದಗ ಮಾಸೂರಿನ ಏರಿ ಹಾಕಿದವರ ಜಾಗದ ಆಯ್ಕೆಯನ್ನು ಸಿವಿಲ್ ಬ್ರಾಂಚಿನವರು ಒಮ್ಮೆ ಹೋಗಿ ನೋಡಬೇಕು.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ಬ್ಯಾಕ್‌ವಾಶ್ ನೀರನ್ನು ಚರಂಡಿಗೆ ಬಿಡದೆ ಒಂದು ತೊಟ್ಟಿಗೆ ಬಿಟ್ಟು, ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಶೌಚಾಲಯದ ಫ್ಲಶ್ಶಿಗೂ ತೊಳೆಯುವ ಕೆಲಸಕ್ಕೂ ಕೊಡೋಣ. ಶೇ. 80 ಮರಳಿ ಸಿಕ್ಕರೆ ದಿನಕ್ಕೆ 13,000 ಲೀಟರ್ ಉಳಿತಾಯ. ದಿನದ ಖರ್ಚು 30,500ಕ್ಕೆ ಇಳಿಯುತ್ತದೆ. ಸೀಸನ್ನಿಗೆ 36.6 ಲಕ್ಷ, ಮೊದಲ ತುಂಬುವಿಕೆ ಸೇರಿ 46.6 ಲಕ್ಷ, ಆವಿಯಾಗುವುದನ್ನೂ ಕೂಡಿಸಿದರೆ ಹೊಂಡದಲ್ಲಿ 67 ಲಕ್ಷ ಇದ್ದರೆ ಸಾಕು. ವಾಡಿಕೆ ಮಳೆಯಲ್ಲಿ ಕಾಲು ಭಾಗ ಕಡಿಮೆ ಬಿದ್ದರೂ ಅಷ್ಟು ನೀರು ಬಂದೇ ಬರುತ್ತದೆ! ಒಂದು ಸಿಮೆಂಟ್ ತೊಟ್ಟಿ, ಒಂದು ಸಣ್ಣ ಪಂಪು, ಒಂದಿಷ್ಟು ಪೈಪು. ಜಾಹೀರಾತಿನಲ್ಲಿ ಇದರ ಫೋಟೊ ಯಾರೂ ಹಾಕುವುದಿಲ್ಲ, ಸೆಲ್ಫಿಗೂ ಬರುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಪಾರ್ಕ್ ಊರಿನ ಜೊತೆ ಬಾಳುತ್ತದೋ ಜಗಳಕ್ಕೆ ನಿಲ್ಲುತ್ತದೋ ಎನ್ನುವುದು ಸ್ಲೈಡಿನ ಎತ್ತರದಿಂದಲ್ಲ, ಈ ತೊಟ್ಟಿಯಿಂದ ತೀರ್ಮಾನವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ನಾವು ಹಿಡಿದ ಅಂಕಿಗಳನ್ನು ನೀವು ಬದಲಿಸಿ ನೋಡಬಹುದು. ದಿನಕ್ಕೆ ಸಾವಿರ ಜನ ಎಂದರೆ ಶವರಿನ ಪಾಲು ಏರಿ ಚಿತ್ರವೇ ಬದಲಾಗುತ್ತದೆ.

ಹೋಗುವವರಿಗೆ ಉಪಯೋಗವಾಗುವ ಇನ್ನೊಂದೆರಡು ಸಂಗತಿ. ಕೊಳದ ಬಳಿ ಮೂಗಿಗೆ ಹೊಡೆಯುವ ವಾಸನೆ ಬಂದರೆ ಕ್ಲೋರಿನ್ ಜಾಸ್ತಿ ಹಾಕಿ ಸ್ವಚ್ಛ ಇಟ್ಟಿದ್ದಾರೆ ಎಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಅದು ಉಲ್ಟಾ. ಆ ವಾಸನೆ ಕ್ಲೋರಿನ್ ಬೆವರು ಮತ್ತು ಮೂತ್ರದ ಜೊತೆ ಸೇರಿ ಆದ ಕ್ಲೋರಮೈನ್‌ನದು. ಕಣ್ಣುರಿಗೂ ಅದೇ ಕಾರಣ. ನೀರಿನ ಪಿಎಚ್ ಕೂಡ ಮುಖ್ಯ. ಕ್ರಿಮಿ ಕೊಲ್ಲುವ ಕೆಲಸ ಮಾಡುವುದು ಹೈಪೊಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಸುಮಾರು ಅರ್ಧ ಈ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗ ಮಾತ್ರ. ಹಾಕಿದ ಕ್ಲೋರಿನ್ ಅಷ್ಟೇ, ಕೆಲಸ ಅರ್ಧ.

ತಳದಲ್ಲಿ ನೀರು ಎಳೆಯುವ ಜಾಲರಿಯ ಹತ್ತಿರ ಆಟ ಬೇಡ. 20 ಸೆಂಟಿಮೀಟರ್ ವ್ಯಾಸದ ಕಿಂಡಿಗೆ ಬೆನ್ನು ಪೂರ್ತಿ ಮುಚ್ಚಿಕೊಂಡು, ಪಂಪು ಅರ್ಧ ವಾಯುಭಾರದಷ್ಟು ಎಳೆದರೆ ಹಿಡಿಯುವ ಬಲ ಸುಮಾರು 160 ಕೆಜಿ ತೂಕಕ್ಕೆ ಸಮ. ಜಿಮ್ಮಿಗೆ ಹೋಗುವ ಗೆಳೆಯನೂ ಎಳೆದು ಬಿಡಿಸಲಾರ, ಮೊದಲು ಪಂಪು ನಿಲ್ಲಿಸಬೇಕು. ಅದಕ್ಕೇ ಒಂದರ ಬದಲು ದೂರ ದೂರದಲ್ಲಿ ಎರಡು ಕಿಂಡಿ, ಉಬ್ಬಿದ ಜಾಲರಿ ಇಡುತ್ತಾರೆ. ಜಾಲರಿ ಮುರಿದದ್ದು ಕಂಡರೆ ಆ ಕೊಳಕ್ಕೆ ಇಳಿಯಬೇಡಿ, ಸಿಬ್ಬಂದಿಗೆ ಹೇಳಿ. ಉದ್ದ ಕೂದಲಿನವರು ಟೋಪಿ ಹಾಕಿಕೊಳ್ಳಿ.

ಟಿಕೆಟ್ ಕೌಂಟರಿನಲ್ಲಿ ನೈಲಾನ್ ಬಟ್ಟೆ ಬಾಡಿಗೆಗೆ ತಗೊಳ್ಳಿ ಅಂದಾಗ ಸುಲಿಗೆ ಎಂದು ಎಲ್ಲರೂ ಬೈಯುತ್ತೇವೆ. ಬಾಡಿಗೆಯ ದರ ಸುಲಿಗೆ ಇರಬಹುದು, ನಿಯಮ ಸುಲಿಗೆಯಲ್ಲ. ಹತ್ತಿ ಬಟ್ಟೆಯ ಎಳೆ ಮತ್ತು ಬಣ್ಣ ಬಿಟ್ಟು ಮರಳಿನ ಫಿಲ್ಟರಿನಲ್ಲಿ ಕೂರುತ್ತವೆ, ಫಿಲ್ಟರ್ ಬೇಗ ಕಟ್ಟುತ್ತದೆ, ಬ್ಯಾಕ್‌ವಾಶ್ ಎರಡು ದಿನದ ಬದಲು ದಿನಾ ಆಗುತ್ತದೆ. ಅಂದ್ರೆ ಮೇಲಿನ 16,500 ಲೀಟರ್ 33,000 ಆಗುತ್ತದೆ. ಮನೆಯಿಂದಲೇ ನೈಲಾನ್ ಚಡ್ಡಿ, ಟೀ ಶರ್ಟು ಒಯ್ದರೆ ಬಾಡಿಗೆಯೂ ಉಳಿಯಿತು. ಕೊಳಕ್ಕೆ ಇಳಿಯುವ ಮೊದಲು ಒಂದು ನಿಮಿಷ ಶವರ್ ಕೆಳಗೆ ನಿಲ್ಲಿ, ಮುಖ್ಯವಾಗಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದವರು.